ಅಂಗಡಿಯವರ ಅಭಿಪ್ರಾಯ, ಗಿರಾಕಿಯ ರೊಕ್ಕ

(ಧಾರವಾಡದ ಒಂದು ಓದುಗರ ಬಳಗದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನಗೆ ಭಾಷಣ ಮಾಡಿ ರೂಢಿ ಇಲ್ಲ. ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಪೋಸ್ಟರ್, ಚುನಾವಣೆ ಬಂದರೆ ಕರಪತ್ರ. ಇಂಥವನನ್ನು ಸಲಿಂಗ ಮದುವೆಯ ವಿಷಯಕ್ಕೆ ಯಾಕೆ ಕರೆದರು ಅಂತ ಕೆಲವರಿಗೆ ಅನಿಸಿರಬಹುದು. ಕಾರಣ ಒಂದು ಕರಪತ್ರ.

ಈ ಬಳಗದ ನಾಲ್ಕಾರು ಹುಡುಗ ಹುಡುಗಿಯರು ಈಚೆಗೆ ಪ್ರೆಸ್ಸಿಗೆ ಬಂದಿದ್ದರು. ಮ್ಯಾಟರ್ ಬರೆದುಕೊಂಡೇ ಬಂದಿದ್ದರು. ನಮ್ಮ ಅವಳಿ ನಗರದ ಒಬ್ಬ ಸ್ವೀಟ್ ಅಂಗಡಿ ಮಾಲೀಕರು ವಾಟ್ಸಾಪ್ ಸ್ಟೇಟಸ್‌ನಲ್ಲಿ ಸಲಿಂಗ ಮದುವೆ ಅಂದರೆ ಕೇಡುಗಾಲ ಅಂತ ಏನೋ ಹಾಕಿದ್ದರಂತೆ. ಅದರ ಫೋಟೋ ಊರೆಲ್ಲ ತಿರುಗಿತ್ತು. ಇವರ ಕರಪತ್ರದಲ್ಲಿ ಅಂಗಡಿಯ ಹೆಸರು, ಮಾಲೀಕರ ಹೆಸರು, ಅವರ ಫೋನ್ ನಂಬರ್, ಕೆಳಗೆ ದಪ್ಪ ಅಕ್ಷರದಲ್ಲಿ ‘ಬಹಿಷ್ಕರಿಸಿ’. “ಅಣ್ಣಾರ, ಒಂದು ಸಾವಿರ ಹೊಡ್ದು ಕೊಡ್ರಿ, ನಾಳೆ ಸಂಜಿಕೆ ಬೇಕು” ಅಂದರು.

ನಾನು ಕೂರಿಸಿ ಚಹಾ ತರಿಸಿದೆ. ಆಮೇಲೆ ಕೇಳಿದೆ. ಆ ಮಾಲೀಕರು ಅಂಗಡಿಗೆ ಬಂದ ಯಾರನ್ನಾದರೂ ವಾಪಸ್ ಕಳಿಸಿದ್ದಾರಾ? ಇಲ್ಲ. ಅಂಗಡಿಯ ಲಾಭದಲ್ಲಿ ಯಾವುದಾದರೂ ಸಂಘಟನೆಗೆ ರೊಕ್ಕ ಕೊಟ್ಟು ಸಲಿಂಗಿಗಳ ವಿರುದ್ಧ ಕೆಲಸ ಮಾಡಿಸುತ್ತಿದ್ದಾರಾ? ಗೊತ್ತಿಲ್ಲ. ಹಾಗಾದರೆ ಏನು ಮಾಡಿದ್ದಾರೆ? “ಸ್ಟೇಟಸ್ ಹಾಕ್ಯಾರ್ರೀ.”

“ಹಂಗಾದ್ರ ಇದನ್ನ ನಾ ಹೊಡ್ಯಂಗಿಲ್ಲ” ಅಂದೆ. ಅಲ್ಲಿಂದ ವಾದ ಶುರುವಾಯಿತು, ಚಹಾ ಎರಡು ಸಲ ಬಂತು. ಅದೇ ವಾದವನ್ನು ಎಲ್ಲರ ಮುಂದೆ ಮಾಡಿ ಅಂತ ಈಗ ಇಲ್ಲಿ ನಿಲ್ಲಿಸಿದ್ದಾರೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ, ಊಹೆ ಮಾಡುತ್ತಾ ಕೂರುವುದು ಬೇಡ. ವಯಸ್ಸಿಗೆ ಬಂದ ಇಬ್ಬರು ಒಟ್ಟಿಗೆ ಬಾಳುತ್ತೇವೆ ಅಂದರೆ ಬಾಳಲಿ, ಮದುವೆ ಆಗುತ್ತೇವೆ ಅಂದರೆ ಆಗಲಿ ಅನ್ನುವವನು ನಾನು. ನಮ್ಮ ದೇಶದಲ್ಲಿ ಅದಕ್ಕೆ ಕಾನೂನಿನ ಮಾನ್ಯತೆ ಇನ್ನೂ ಇಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು, ಸಲಿಂಗ ಸಂಬಂಧವೇ ಅಪರಾಧ ಅನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮಿನಿಂದ ಬಿಡಿಸಿತು. 2023ರ ಅಕ್ಟೋಬರ್ 17ರಂದು ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳು, ಸಲಿಂಗ ಮದುವೆಗೆ ಮಾನ್ಯತೆ ಕೊಡುವುದು ಕೋರ್ಟಿನ ಕೈಯಲ್ಲಿಲ್ಲ, ಅದು ಶಾಸನ ಮಾಡುವವರ ಕೆಲಸ ಅಂದರು. 2024ರ ಆಗಸ್ಟ್‌ನಲ್ಲಿ ಇಂಥ ಜೋಡಿ ಜಾಯಿಂಟ್ ಅಕೌಂಟ್ ತೆಗೆಯಲು, ನಾಮಿನಿ ಮಾಡಲು ಅಡ್ಡಿ ಇಲ್ಲ ಅಂತ ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತು. ಸದ್ಯಕ್ಕೆ ಇಲ್ಲಿ ನಿಂತಿದ್ದೇವೆ.

ಮಾಲೀಕರಿಗೆ ಇದು ಇಷ್ಟವಿಲ್ಲ ಅಂದಾಗ ಗಿರಾಕಿ ಏನು ಮಾಡಬೇಕು? ಈ ಪ್ರಶ್ನೆಯ ಮೇಲೆ ಅಮೆರಿಕದವರು ವರ್ಷಗಟ್ಟಲೆ ಬಡಿದಾಡಿದ್ದಾರೆ. ಅಲ್ಲಿಯ ಒಂದು ಕಥೆಯನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಚಿಕ್-ಫಿಲ್-ಎ ಅಂತ ಚಿಕನ್ ಸ್ಯಾಂಡ್‌ವಿಚ್ ಮಾರುವ ದೊಡ್ಡ ಕಂಪನಿ. ಅಟ್ಲಾಂಟಾದ ಒಂದು ಕುಟುಂಬದ ಒಡೆತನ. ಪಕ್ಕಾ ದೈವಭಕ್ತರು, ಭಾನುವಾರ ಎಲ್ಲ ಅಂಗಡಿ ಬಂದ್. 2012ರಲ್ಲಿ ಕಂಪನಿಯ ಮುಖ್ಯಸ್ಥ ಡ್ಯಾನ್ ಕ್ಯಾಥಿ ಒಂದು ಸಂದರ್ಶನದಲ್ಲಿ, ಬೈಬಲ್ ಹೇಳುವ ಕುಟುಂಬವೇ ನಮಗೆ ಕುಟುಂಬ ಅಂದರು. ಗುಲ್ಲೆದ್ದಿತು. ಬೆಂಕಿಗೆ ಉರುವಲು ಆ ಮಾತೊಂದೇ ಅಲ್ಲ. ಕಂಪನಿಯ ದತ್ತಿ ಸಂಸ್ಥೆಯಿಂದ ಸಲಿಂಗ ಮದುವೆ ವಿರೋಧಿಸುವ ಸಂಘಟನೆಗಳಿಗೆ ಲಕ್ಷಾಂತರ ಡಾಲರ್ ಹೋಗಿತ್ತು. ಸ್ಯಾಂಡ್‌ವಿಚ್ ತಿಂದವರ ರೊಕ್ಕ ತಿಂದವರ ವಿರುದ್ಧವೇ ಖರ್ಚಾಗುತ್ತಿದೆ ಅನ್ನುವುದು ಜನರ ಸಿಟ್ಟು. ನನಗೆ ಆ ಸಿಟ್ಟು ನ್ಯಾಯವಾದದ್ದು ಅನಿಸುತ್ತದೆ.

ಬಹಿಷ್ಕಾರದ ಕರೆ ಬಂತು. ಮುಂದೆ ಏನಾಯಿತು ಗೊತ್ತಾ? ಅರ್ಕಾನ್ಸಾಸ್‌ನ ಮಾಜಿ ಗವರ್ನರ್ ಮೈಕ್ ಹಕಬಿ, ಆಗಸ್ಟ್ 1ರಂದು ಎಲ್ಲರೂ ಹೋಗಿ ಅಲ್ಲೇ ತಿನ್ನಿ ಅಂತ ತಿರುಗುಕರೆ ಕೊಟ್ಟರು. ಜನ ರಸ್ತೆಯ ತನಕ ಸಾಲು ನಿಂತರು. ದಾಖಲೆ ವ್ಯಾಪಾರ ಆಯಿತು ಅಂತ ಕಂಪನಿಯೇ ಹೇಳಿತು. ಎರಡು ದಿನ ಬಿಟ್ಟು ಈ ಕಡೆಯವರು ಅಂಗಡಿಗಳ ಮುಂದೆ ಜೋಡಿಯಾಗಿ ಬಂದು ಮುತ್ತಿಟ್ಟುಕೊಂಡು ಪ್ರತಿಭಟಿಸಿದರು. ಟಿವಿಯವರಿಗೆ ಹಬ್ಬ. ಚಿಕನ್ ಹಾಗೆ ಪಕ್ಕಕ್ಕೆ ಹೋಯಿತು, ಯಾರು ಯಾವ ಪಾರ್ಟಿ ಅನ್ನುವುದಷ್ಟೇ ಉಳಿಯಿತು.

ಆದರೆ ಟಿವಿಗೆ ಕಾಣದ ಇನ್ನೊಂದು ಕೆಲಸ ನಡೆದಿತ್ತು. ಕಾಲೇಜುಗಳಲ್ಲಿ ಸಲಿಂಗಿ ವಿದ್ಯಾರ್ಥಿಗಳ ಪರ ಕೆಲಸ ಮಾಡುವ ಕ್ಯಾಂಪಸ್ ಪ್ರೈಡ್ ಅನ್ನುವ ಸಂಸ್ಥೆಯ ಶೇನ್ ವಿಂಡ್‌ಮೇಯರ್ ಈ ಕಂಪನಿಯ ವಿರುದ್ಧ ಮುಂಚೂಣಿಯಲ್ಲಿದ್ದವರು. ಅವರಿಗೆ ಕ್ಯಾಥಿ ತಾವೇ ಫೋನ್ ಮಾಡಿದರು. ತಿಂಗಳುಗಟ್ಟಲೆ ಮಾತುಕತೆ ನಡೆಯಿತು. ಕಂಪನಿಯವರು ದೇಣಿಗೆಯ ಲೆಕ್ಕಪತ್ರ ತೋರಿಸಿದರು. ತೀರಾ ಕಟುವಾದ ಸಂಘಟನೆಗಳಿಗೆ ಕೊಡುವುದು ನಿಂತಿರುವುದು ಕಂಡಮೇಲೆ ವಿಂಡ್‌ಮೇಯರ್ ತಮ್ಮ ಚಳವಳಿಯನ್ನು ನಿಲ್ಲಿಸಿದರು. 2013ರ ಜನವರಿಯಲ್ಲಿ ಇದನ್ನೆಲ್ಲ ಬರೆದು ಹೇಳಿದಾಗ ಅವರ ಕಡೆಯವರೇ ಬೈದರು. ಕ್ಯಾಥಿಯ ಅಭಿಪ್ರಾಯ ಬದಲಾಗಿರಲಿಲ್ಲ, ವಿಂಡ್‌ಮೇಯರ್‌ದೂ ಬದಲಾಗಿರಲಿಲ್ಲ. ಬದಲಾದದ್ದು ರೊಕ್ಕದ ದಾರಿ. 2019ರ ನವೆಂಬರ್‌ನಲ್ಲಿ ಕಂಪನಿ ಇನ್ನೂ ಮುಂದೆ ಹೋಗಿ, ಇನ್ನು ಮೇಲೆ ಶಿಕ್ಷಣ, ಹಸಿವು, ಮನೆ ಇಲ್ಲದವರು ಇಷ್ಟಕ್ಕೇ ದೇಣಿಗೆ ಅಂದಿತು. ಆಗ ಸಿಟ್ಟಾದವರು ಯಾರು? 2012ರಲ್ಲಿ ಸಾಲು ನಿಂತು ತಿಂದವರ ಕಡೆಯವರು!

ಇದರಲ್ಲಿ ನನಗೆ ಕಾಣುವುದು ಇಷ್ಟು. ‘ನಿನ್ನ ನಂಬಿಕೆ ಬದಲಿಸು’ ಅಂತ ಕೇಳಿದ ಬಹಿಷ್ಕಾರಕ್ಕೆ ಸಿಕ್ಕ ಉತ್ತರ ಉದ್ದ ಸಾಲು. ‘ನಮ್ಮ ರೊಕ್ಕ ಎಲ್ಲಿಗೆ ಹೋಗುತ್ತೆ ತೋರಿಸು’ ಅಂತ ಕೇಳಿದ್ದಕ್ಕೆ ಸಿಕ್ಕ ಉತ್ತರ ಲೆಕ್ಕಪತ್ರ.

ಇಟಲಿಯ ಬರಿಲ್ಲಾ ಪಾಸ್ತಾ ಕಂಪನಿಯ ಗ್ವೀಡೊ ಬರಿಲ್ಲಾ 2013ರಲ್ಲಿ ರೇಡಿಯೋದಲ್ಲಿ, ನಮ್ಮ ಜಾಹೀರಾತಿನಲ್ಲಿ ಸಲಿಂಗಿ ಕುಟುಂಬ ತೋರಿಸುವುದಿಲ್ಲ, ಬೇಡವಾದವರು ಬೇರೆ ಪಾಸ್ತಾ ತಿನ್ನಲಿ ಅಂದರು. ಜನ ಹಾಗೇ ಮಾಡುತ್ತೇವೆ ಅಂದರು. ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿದರು, ಕಂಪನಿಯಲ್ಲಿ ಇದಕ್ಕಾಗಿಯೇ ಒಂದು ಸಮಿತಿ ಮಾಡಿದರು. ಮರುವರ್ಷ ಅಮೆರಿಕದ ಸಲಿಂಗಿ ಹಕ್ಕುಗಳ ದೊಡ್ಡ ಸಂಸ್ಥೆಯೊಂದು ಅದೇ ಕಂಪನಿಗೆ 100ಕ್ಕೆ 100 ಅಂಕ ಕೊಟ್ಟಿತು. ಅಂಗಡಿಯ ಶೆಲ್ಫ್‌ನಲ್ಲಿ ಬರಿಲ್ಲಾ ಪಕ್ಕದಲ್ಲೇ ಇನ್ನೊಂದು ಕಂಪನಿಯ ಪಾಸ್ತಾ ಇರುತ್ತದೆ. ಕೈ ಒಂದು ಗೇಣು ಸರಿದರೆ ಸಾಕು. ವ್ಯಾಪಾರಸ್ಥರಿಗೆ ಆ ಒಂದು ಗೇಣು ಬಹಳ ಬೇಗ ಅರ್ಥವಾಗುತ್ತದೆ.

ದೊಡ್ಡ ಕಂಪನಿಗೆ ಕೆಲಸ ಮಾಡಿದ್ದು ಸಣ್ಣ ಅಂಗಡಿಗೆ ಮಾಡುವುದಿಲ್ಲ. 2015ರಲ್ಲಿ ಇಂಡಿಯಾನಾ ರಾಜ್ಯದ ಒಂದು ಸಣ್ಣ ಊರಿನ ಪಿಜ್ಜಾ ಅಂಗಡಿಗೆ ಟಿವಿಯವರು ಹೋದರು. ಸಲಿಂಗ ಮದುವೆಗೆ ಪಿಜ್ಜಾ ಕೊಡುತ್ತೀರಾ ಅಂತ ಕೇಳಿದರು. ಮದುವೆಗಾದರೆ ಇಲ್ಲ, ಅಂಗಡಿಗೆ ಬಂದು ತಿನ್ನುವುದಾದರೆ ಯಾರಿಗೂ ಇಲ್ಲ ಅನ್ನುವುದಿಲ್ಲ ಅಂದರು ಅಂಗಡಿಯವರು. ಯಾರೂ ಅವರಿಗೆ ಅಂಥ ಆರ್ಡರ್ ಕೊಟ್ಟಿರಲಿಲ್ಲ. (ಮದುವೆಯೂಟಕ್ಕೆ ಪಿಜ್ಜಾ ಯಾರು ಹೇಳುತ್ತಾರೆ ಅನ್ನುವುದು ಬೇರೆ ಮಾತು.) ದೇಶದ ಮೂಲೆಮೂಲೆಯಿಂದ ಬೈಗುಳ, ಬೆದರಿಕೆ, ಆ ಪಿಜ್ಜಾ ಮೂಸಿಯೂ ನೋಡದವರಿಂದ ಒಂದು ಸ್ಟಾರ್ ರಿವ್ಯೂ. ಕೆಲವು ದಿನ ಅಂಗಡಿ ಮುಚ್ಚಿದರು. ಅಷ್ಟರಲ್ಲಿ ಅವರ ಪರ ಇರುವವರು ಆನ್‌ಲೈನ್‌ನಲ್ಲಿ ಚಂದಾ ಎತ್ತಿ 8 ಲಕ್ಷ ಡಾಲರ್‌ಗೂ ಜಾಸ್ತಿ ಕೂಡಿಸಿ ಕೊಟ್ಟರು! ಇದರಿಂದ ಯಾವ ಸಲಿಂಗಿ ಜೋಡಿಗೆ ಏನು ಲಾಭವಾಯಿತು, ಯಾರಾದರೂ ಹೇಳಿ.

ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾ ಕಂಪನಿಯ ಬ್ರೆಂಡನ್ ಐಕ್ ಅವರದ್ದೂ ಇದೇ ಸಾಲಿಗೆ ಬರುತ್ತದೆ. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಲಿಂಗ ಮದುವೆ ತಡೆಯುವ ಮತದಾನದ ಪ್ರಚಾರಕ್ಕೆ ಸ್ವಂತ ಜೇಬಿನಿಂದ 1,000 ಡಾಲರ್ ಕೊಟ್ಟಿದ್ದರು. 2014ರಲ್ಲಿ ಮುಖ್ಯಸ್ಥರಾದಾಗ ಅದು ಮೇಲೆ ಬಂತು. ಎರಡು ವಾರ ಆಗುವ ಮುಂಚೆ ರಾಜೀನಾಮೆ ಕೊಟ್ಟರು. ನನಗೆ ಇದು ಪೂರ್ತಿ ಸರಿ ಅನಿಸುವುದಿಲ್ಲ. ಕಂಪನಿಯಲ್ಲಿ ಸಲಿಂಗಿ ಕೆಲಸಗಾರರಿಗೆ ಅವರಿಂದ ಅನ್ಯಾಯ ಆಗಿತ್ತಾ ಅನ್ನುವುದನ್ನು ಯಾರೂ ಕೇಳುತ್ತಿರಲಿಲ್ಲ. ನಿಮ್ಮಲ್ಲಿ ಕೆಲವರು ಒಪ್ಪುವುದಿಲ್ಲ, ಗೊತ್ತು.

ಇನ್ನು ಸರ್ಕಾರ. ಚಿಕ್-ಫಿಲ್-ಎ ಗಲಾಟೆಯಲ್ಲಿ ಬೋಸ್ಟನ್ ಮೇಯರ್ ಥಾಮಸ್ ಮೆನಿನೊ, ನಮ್ಮ ಊರಲ್ಲಿ ನಿಮಗೆ ಜಾಗ ಇಲ್ಲ ಅಂತ ಕಂಪನಿಗೆ ಪತ್ರ ಬರೆದರು. ಶಿಕಾಗೊದಲ್ಲಿ ಒಬ್ಬ ವಾರ್ಡ್ ಸದಸ್ಯ, ನನ್ನ ವಾರ್ಡಿನಲ್ಲಿ ಅಂಗಡಿಗೆ ಪರವಾನಗಿ ಕೊಡಿಸುವುದಿಲ್ಲ ಅಂದ. ಆಗ ‘ಇದು ತಪ್ಪು’ ಅಂದವರಲ್ಲಿ ಸಲಿಂಗ ಮದುವೆಯ ಪರ ಇದ್ದ ನ್ಯೂಯಾರ್ಕ್ ಮೇಯರ್ ಬ್ಲೂಮ್‌ಬರ್ಗ್ ಕೂಡ ಇದ್ದರು. ಅಭಿಪ್ರಾಯ ನೋಡಿ ಲೈಸನ್ಸ್ ಕೊಡುವುದು ಸರ್ಕಾರದ ಕೆಲಸವಲ್ಲ ಅನ್ನುವುದು ಅವರ ಮಾತು.

ಇದು ನಮಗೆ ಯಾಕೆ ಬೇಕು ಅಂದರೆ, 2021ರ ಅಕ್ಟೋಬರ್ ನೆನಪಿಸಿಕೊಳ್ಳಿ. ಉತ್ತರ ಭಾರತದಲ್ಲಿ ಹೆಂಡತಿ ಉಪವಾಸವಿದ್ದು ಜರಡಿಯಲ್ಲಿ ಗಂಡನ ಮುಖ ನೋಡುವ ಕರ್ವಾ ಚೌತ್ ಹಬ್ಬಕ್ಕೆ ಡಾಬರ್ ಕಂಪನಿ ಒಂದು ಕ್ರೀಮಿನ ಜಾಹೀರಾತು ಮಾಡಿತ್ತು. ಇಬ್ಬರು ಹೆಣ್ಣುಮಕ್ಕಳು ಜರಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುವ ಚಿತ್ರ. ಮಧ್ಯಪ್ರದೇಶದ ಗೃಹ ಸಚಿವರು, ತೆಗೆಯದಿದ್ದರೆ ಕಾನೂನು ಕ್ರಮ ಅಂದರು. ಕಂಪನಿ ಕ್ಷಮೆ ಕೇಳಿ ತೆಗೆದುಹಾಕಿತು. ಬೋಸ್ಟನ್ ಮೇಯರ್ ಕೈಯಲ್ಲಿದ್ದ ಬಡಿಗೆ ಮತ್ತು ಈ ಸಚಿವರ ಕೈಯಲ್ಲಿದ್ದ ಬಡಿಗೆ ಒಂದೇ. ನಮಗೆ ಬೇಕಾದವರ ಕೈಯಲ್ಲಿ ಇದ್ದಾಗ ಚೆಂದ ಕಾಣುತ್ತದೆ, ಅಷ್ಟೇ.

ಹಾಗಾದರೆ ಅಂಗಡಿಯವರಿಗೆ ಕಾನೂನು ಏನೂ ಮಾಡಬಾರದಾ? ಮಾಡಬೇಕು. ಬಾಯಿಗೆ ಅಲ್ಲ, ಕೌಂಟರಿಗೆ.

1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಇದರ ಮೇಲೆ ಚರ್ಚೆ ನಡೆದಿತ್ತು. ಈಗಿನ 15ನೇ ವಿಧಿಯ ಎರಡನೇ ಭಾಗ, ಅಂದರೆ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲಿನಿಂದ ಹೊರಗಿಡುವಂತಿಲ್ಲ ಅನ್ನುವ ಮಾತು. ಕ್ಷೌರದ ಅಂಗಡಿ ಬರುತ್ತಾ, ಬಟ್ಟೆ ಒಗೆಯುವ ಅಂಗಡಿ ಬರುತ್ತಾ ಅಂತೆಲ್ಲ ಪ್ರಶ್ನೆ ಎದ್ದವು. ಅಂಬೇಡ್ಕರ್ ಕೊಟ್ಟ ಉತ್ತರದ ಸಾರ ಹೀಗಿದೆ: ಕೇಳಿಕೊಂಡು ಬಂದ ಯಾರಿಗಾದರೂ ಸೇವೆ ಕೊಡಲು ಮಾಲೀಕ ತಯಾರಾಗಿ ಕೂತ ಜಾಗವೇ ಅಂಗಡಿ. ಒಳಗೆ ಬರಲು ಬಿಟ್ಟರೆ ಸಾಲದು, ಷರತ್ತು ಒಪ್ಪಿದವರಿಗೆ ಸೇವೆಯನ್ನೂ ಕೊಡಬೇಕು. ಪ್ರೆಸ್ ನಡೆಸುವ ನನಗೆ ಇದಕ್ಕಿಂತ ಚೊಕ್ಕ ಮಾತು ಬೇರೆ ಸಿಕ್ಕಿಲ್ಲ. ಶಟರ್ ಎತ್ತಿದೆ ಅಂದಮೇಲೆ ಬಂದವರೆಲ್ಲ ಗಿರಾಕಿ.

377ರ ತೀರ್ಪಿನಲ್ಲಿ ನ್ಯಾಯಮೂರ್ತಿಗಳು, ಲಿಂಗದ ಕಾರಣಕ್ಕೆ ಭೇದ ಮಾಡಬಾರದು ಅನ್ನುವುದರೊಳಗೆ ಲೈಂಗಿಕ ಒಲವೂ ಬರುತ್ತದೆ ಅನ್ನುವ ದಿಕ್ಕಿನಲ್ಲಿ ಮಾತಾಡಿದ್ದಾರೆ. ಆದರೆ ಸಲಿಂಗಿ ಅಂತ ವಾಪಸ್ ಕಳಿಸಿದ ಅಂಗಡಿಯವನನ್ನು ನೇರವಾಗಿ ಹಿಡಿಯುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿ ಇಲ್ಲ. ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ ಇದೆ. ಸರಕು, ಸೇವೆ, ಬಾಡಿಗೆ ಮನೆ ನಿರಾಕರಿಸುವಂತಿಲ್ಲ ಅಂತ ಅದರಲ್ಲಿ ಬರೆದಿದೆ. ಬರೆದದ್ದು ಬರೆದ ಹಾಗೇ ಇದೆ. ಸವದತ್ತಿ ಎಲ್ಲಮ್ಮನಿಗೆ ಮುಡಿಪಾಗಿ ಸೀರೆ ಉಡುವ ಜೋಗಪ್ಪಗಳು ಅಂಗಡಿ ಮುಂದೆ ಬಂದರೆ ನಮ್ಮವರು ರೊಕ್ಕ ಹಾಕಿ ಕೈ ಮುಗಿಯುತ್ತಾರೆ. ಅದೇ ಜೋಗಪ್ಪ ಖಾನಾವಳಿಯಲ್ಲಿ ಊಟಕ್ಕೆ ಕೂತರೆ ಪಕ್ಕದ ಟೇಬಲ್ಲಿನವರು ಎದ್ದು ಹೋಗುತ್ತಾರೆ. ನಾನೇ ನೋಡಿದ್ದೇನೆ.

ಒಂದು ಆರ್ಡರ್ ವಿಷಯ ಹೇಳುತ್ತೇನೆ. ಇಬ್ಬರು ಹುಡುಗರು ಪ್ರೆಸ್ಸಿಗೆ ಬಂದರು. ಒಬ್ಬ ಹಾವೇರಿ ಕಡೆಯವನು, ಒಬ್ಬ ಇಲ್ಲಿಯವನು, ಇಬ್ಬರೂ ಬೆಂಗಳೂರಿನಲ್ಲಿ ನೌಕರಿ. ಮನೆಯಲ್ಲಿ ಗೆಳೆಯರನ್ನು ಕರೆದು ಊಟ ಹಾಕುತ್ತೇವೆ, ಅದಕ್ಕೊಂದು ಪತ್ರಿಕೆ ಬೇಕು ಅಂದರು. ಹೆಸರು ನೋಡಿದ ಕೂಡಲೇ ನಮ್ಮ ಡಿಟಿಪಿ ಹುಡುಗ ನನ್ನನ್ನು ಒಳಗೆ ಕರೆದು, “ಅಣ್ಣಾರ, ಇದನ್ನ ನಾ ಮಾಡಂಗಿಲ್ರಿ” ಅಂದ. “ನೀ ಬಿಡು, ನಾ ಮಾಡ್ತೀನಿ” ಅಂದೆ.

ನಮಗೆ ಕಾರ್ಡುಗಳು ಶಿವಕಾಶಿಯಿಂದ ಖಾಲಿ ಬರುತ್ತವೆ, ಒಳಗಿನ ಮ್ಯಾಟರ್ ಮಾತ್ರ ನಮ್ಮದು. ಕಪಾಟಿನ ಸ್ಯಾಂಪಲ್ ಎಲ್ಲ ಕೆಳಗಿಳಿಸಿದೆ. ಒಂದರ ಮೇಲೆ ಪಲ್ಲಕ್ಕಿಯಲ್ಲಿ ಕೂತ ಮದುಮಗಳು, ಒಂದರ ಮೇಲೆ ಬಾಸಿಂಗ ಕಟ್ಟಿದ ಜೋಡಿ. ಬರೀ ಗಣಪತಿ, ಕಳಸ ಇರುವ ಒಂದು ಡಿಸೈನ್ ಅಂತೂ ಸಿಕ್ಕಿತು. ಕಂಪ್ಯೂಟರಿನಲ್ಲಿ ಎಡಕ್ಕೆ ವರ, ಬಲಕ್ಕೆ ವಧು ಅಂತ ಫಾರ್ಮ್ಯಾಟ್ ಕೂತುಬಿಟ್ಟಿರುತ್ತದೆ. ಅದನ್ನು ಒಡೆದು ಎರಡೂ ಹೆಸರು ಒಂದೇ ಸೈಜಿನಲ್ಲಿ ಕೂರಿಸಿದೆ. ಪ್ರೂಫ್ ಕೊಟ್ಟರೆ ಇಬ್ಬರೂ ಜಗಳಕ್ಕೆ ಬಿದ್ದರು. ಯಾವುದಕ್ಕೆ? ಯಾರ ಅಜ್ಜಿಯ ಹೆಸರು ಮೇಲೆ ಬರಬೇಕು ಅನ್ನುವುದಕ್ಕೆ! ಪತ್ರಿಕೆ ಮಾಡಿಸಲು ಬರುವ ಎಲ್ಲ ಬೀಗರ ಜಗಳವೂ ಅದೇ. ಡಿಟಿಪಿ ಹುಡುಗ ಕಂಪೋಸ್ ಮಾಡಲಿಲ್ಲ, ಆದರೆ ಕಟಿಂಗ್ ಮಾಡಿ, ಕವರಿಗೆ ಹಾಕಿ, ಕಟ್ಟು ಕಟ್ಟಿ ಕೊಟ್ಟ.

ನನ್ನ ಲೆಕ್ಕ ಇದು. ಕೆಲಸಗಾರನ ಮನಸ್ಸಿಗೆ ಒಗ್ಗದಿದ್ದರೆ ಅದನ್ನು ಒಳಗೊಳಗೇ ಸರಿಹೊಂದಿಸಿಕೊಳ್ಳುವುದು ಮಾಲೀಕನ ತಲೆನೋವು. ಕೌಂಟರಿನ ಹೊರಗೆ ನಿಂತವರಿಗೆ ಅದು ಗೊತ್ತಾಗಲೂಬಾರದು.

ಇಲ್ಲೊಂದು ತೊಡಕಿದೆ. ಉತ್ತರ ಐರ್ಲೆಂಡಿನ ಆಶರ್ಸ್ ಬೇಕರಿಗೆ 2014ರಲ್ಲಿ ಒಬ್ಬ ಗಿರಾಕಿ ಕೇಕ್ ಆರ್ಡರ್ ಕೊಟ್ಟ. ಬೆಲೆ ಮೂವತ್ತಾರೂವರೆ ಪೌಂಡ್. ಮೇಲೆ ‘ಸಲಿಂಗ ಮದುವೆಯನ್ನು ಬೆಂಬಲಿಸಿ’ ಅಂತ ಬರೆಯಬೇಕಿತ್ತು. ಆರ್ಡರ್ ತೆಗೆದುಕೊಂಡು ಆಮೇಲೆ ಆಗುವುದಿಲ್ಲ ಅಂದರು. ಕೇಸು ಬ್ರಿಟನ್ನಿನ ಸುಪ್ರೀಂ ಕೋರ್ಟ್ ತನಕ ಹೋಯಿತು. 2018ರ ಅಕ್ಟೋಬರ್‌ನಲ್ಲಿ ಐವರೂ ಒಂದೇ ಮಾತಾಗಿ ಬೇಕರಿಯ ಪರ ಹೇಳಿದರು. ಬೇಕರಿಯವರು ಬೇಡ ಅಂದದ್ದು ಗಿರಾಕಿಯನ್ನಲ್ಲ, ಘೋಷಣೆಯನ್ನು. ಅದೇ ಘೋಷಣೆಯನ್ನು ಬೇರೆ ಯಾರು ಕೇಳಿದ್ದರೂ ಇಲ್ಲ ಅನ್ನುತ್ತಿದ್ದರು.

ಪ್ರೆಸ್ಸಿನವನಾಗಿ ನಾನು ಈ ತೀರ್ಪಿನ ಪರ. ಚುನಾವಣೆ ಕರಪತ್ರದ ಕೆಳಗೆ ಮುದ್ರಕನ ಹೆಸರು, ವಿಳಾಸ ಹಾಕಲೇಬೇಕು ಅಂತ ಕಾಯ್ದೆ ಇದೆ. ನನ್ನ ಹೆಸರಿನ ಮೇಲೆ ಇನ್ನೊಂದು ಜಾತಿಯನ್ನು ಬೈಯುವ ಮಾತು ಬಂದರೆ ನಾನು ವಾಪಸ್ ಕೊಟ್ಟಿದ್ದೇನೆ, ಎಷ್ಟು ರೊಕ್ಕ ಕೊಟ್ಟರೂ. ಆ ಹಕ್ಕು ನನಗೆ ಬೇಕು ಅಂದಮೇಲೆ ಬೇಕರಿಯವನಿಗೂ ಇರಲಿ.

ಆದರೆ ಲಗ್ನಪತ್ರಿಕೆ ಘೋಷಣೆಯಲ್ಲ. ಹೆಸರು, ತಾರೀಖು, ಊಟದ ಜಾಗ. ಅಮೆರಿಕದ ಕೊಲೊರಾಡೊದಲ್ಲಿ 2012ರಲ್ಲಿ ಒಬ್ಬ ಕೇಕಿನವನು ಇಬ್ಬರು ಗಂಡಸರ ಮದುವೆಗೆ ಕೇಕ್ ಮಾಡುವುದಿಲ್ಲ ಅಂದ. ಮೇಲೆ ಏನು ಬರೆಯಬೇಕು ಅನ್ನುವ ಮಾತಿಗೂ ಬಂದಿರಲಿಲ್ಲ. 2018ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ 7–2ರಲ್ಲಿ ಅವನ ಪರ ಹೇಳಿತು. ಆದರೆ ಕಾರಣ ಬೇರೆ: ರಾಜ್ಯದ ಆಯೋಗ ಅವನ ಧರ್ಮದ ಬಗ್ಗೆ ಹಗುರಾಗಿ ಮಾತಾಡಿತ್ತು. 2023ರಲ್ಲಿ ಒಬ್ಬ ವೆಬ್‌ಸೈಟ್ ಮಾಡುವಾಕೆಯ ಕೇಸಿನಲ್ಲಿ 6–3ರಲ್ಲಿ ಇನ್ನೂ ಮುಂದೆ ಹೋಗಿ, ಮನಸ್ಸಿಗೆ ಒಪ್ಪದ ಮಾತನ್ನು ಸೃಷ್ಟಿಸು ಅಂತ ಬಲವಂತ ಮಾಡುವಂತಿಲ್ಲ ಅಂದಿತು. ಇದು ನನಗೆ ಅತಿಯಾಯಿತು ಅನಿಸುತ್ತದೆ. ಹೀಗೇ ಹೋದರೆ ಹೂವಿನವನೂ ಕಲಾವಿದ, ಫೋಟೋದವನೂ ಕಲಾವಿದ, ಬಾಜಾದವನೂ ಕಲಾವಿದ. ಮದುವೆ ಮನೆಗೆ ಅಂಗಡಿಯವನೇ ಉಳಿಯುವುದಿಲ್ಲ.

ಈಗ ನಮ್ಮ ಊರಿಗೆ ಬರೋಣ. ಬಹಿಷ್ಕಾರ ಇಲ್ಲಿ ಹೊಸದಲ್ಲ. 1921ರ ಜುಲೈ 1ರಂದು ಇದೇ ಧಾರವಾಡದ ಜಕ್ಕಣಿ ಬಾವಿ ಹತ್ತಿರ ಹೆಂಡದಂಗಡಿ ಮುಂದೆ ಪಿಕೆಟಿಂಗ್ ಮಾಡುತ್ತಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಮೂವರು ಸತ್ತರು. ಅವರು ಅಂಗಡಿ ಮುಂದೆ ಹಗಲಲ್ಲಿ, ಎಲ್ಲರಿಗೂ ಕಾಣುವಂತೆ ನಿಂತಿದ್ದರು. ಕೇಳಿದ್ದೂ ಒಂದೇ ಮಾತು, ಕುಡಿಯಬೇಡಿ. ಆಗಿನ ಕಾಲಕ್ಕೇ ಗಾಂಧೀಜಿ ಒಂದು ಗೆರೆ ಎಳೆದಿದ್ದರು. ಎದುರಾಳಿಯ ಮನೆಯ ಊಟ, ಉಪಚಾರ ಬೇಡ ಅನ್ನಬಹುದು, ಆದರೆ ಅವನಿಗೆ ನೀರು, ವೈದ್ಯರು, ಕ್ಷೌರ ಸಿಗದ ಹಾಗೆ ಮಾಡುವುದು ಹಿಂಸೆ ಅಂತ.

ಇನ್ನೊಂದು ಬಹಿಷ್ಕಾರವೂ ನಮ್ಮದೇ. ಹಳ್ಳಿಯಲ್ಲಿ ದಲಿತರಿಗೆ ಕಟಿಂಗ್ ಇಲ್ಲ,  ಹೋಟೆಲಿನಲ್ಲಿ ಬೇರೆ ಗ್ಲಾಸು, ತಿರುಗಿ ಕೇಳಿದರೆ ಕೂಲಿಯೂ ಇಲ್ಲ, ಕಿರಾಣಿಯೂ ಇಲ್ಲ. 2015ರ ತಿದ್ದುಪಡಿ ಇದನ್ನು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ ಮಾಡಿದೆ. 2022ರ ಏಪ್ರಿಲ್‌ನಲ್ಲಿ ನುಗ್ಗಿಕೇರಿ ಹನುಮಂತನ ಗುಡಿ ಹತ್ತಿರ ನಡೆದದ್ದು ನಿಮಗೆಲ್ಲ ಗೊತ್ತಿದೆ. ಮುಸ್ಲಿಂ ವ್ಯಾಪಾರಿಗಳು ಬೇಡ ಅನ್ನುವ ಕೂಗಿನ ನಡುವೆ ಒಬ್ಬ ಬಡವನ ಕಲ್ಲಂಗಡಿ ಹಣ್ಣುಗಳನ್ನು ರಸ್ತೆಗೆ ಎಸೆದು ಒಡೆದರು. ಅವನು ಏನೂ ಮಾಡಿರಲಿಲ್ಲ. ಅವನು ಯಾರು ಅನ್ನುವುದೇ ತಪ್ಪಾಗಿತ್ತು. ಕರಪತ್ರ ಹಿಡಿದು ಬಂದ ಹುಡುಗರಿಗೆ ನಾನು ಇದನ್ನೇ ನೆನಪಿಸಿದೆ. ನಿಮ್ಮ ಉದ್ದೇಶ ಬೇರೆ, ಒಪ್ಪುತ್ತೇನೆ. ಆದರೆ ಮಾಲೀಕನ ಫೋನ್ ನಂಬರ್ ಊರ ಕೈಗೆ ಕೊಟ್ಟಮೇಲೆ ಮುಂದೆ ಏನಾಗುತ್ತೆ ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಮತ್ತೆ, ಸ್ಟೇಟಸ್ 24 ತಾಸಿಗೆ ತಾನೇ ಹೋಗುತ್ತೆ. ಗೋಡೆಗೆ ಹಚ್ಚಿದ ಕರಪತ್ರ ಮಳೆಗಾಲ ಬರುವ ತನಕ ಇರುತ್ತೆ.

ಕೊನೆಗೆ ನಾನು, ಅವರಲ್ಲಿ ಇಬ್ಬರು ಆ ಅಂಗಡಿಗೇ ಹೋದೆವು. ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತು. ಒಳಗೆ ಹುಡುಗರು ಖೋವಾ ತಿರುವುತ್ತಿದ್ದರು. ಅಂಗಡಿ ಬಿದ್ದರೆ ಮೊದಲು ಮನೆಗೆ ಹೋಗುವವರು ಅವರೇ. ಮಾಲೀಕರು ಮೊದಲು ಬಿರುಸಾಗಿಯೇ ಮಾತಾಡಿದರು. “ನನಗ ಪಸಂದ್ ಇಲ್ರಿ, ಹಾಕೀನಿ. ಅದರಾಗ ಏನೈತಿ?” ಹುಡುಗಿ ಕೇಳಿದಳು, “ಕಾಕಾ, ಅಂಥಾ ಇಬ್ಬರು ಬಂದು ಮದುವಿಗೆ ಪೇಡೆ ಬೇಕು ಅಂದ್ರ ಕೊಡ್ತೀರೇನು?” ಅವರು ಸ್ವಲ್ಪ ಹೊತ್ತು ತಕ್ಕಡಿ ಒರೆಸಿದರು. “ಪೇಡೆ ಯಾರಿಗಾದ್ರೂ ಕೊಡ್ತೀನವ್ವಾ. ಮದುವಿಗೆ ಕರೀಬ್ಯಾಡ್ರಿ, ಅಷ್ಟ.”

ಅವರ ಮನಸ್ಸು ಬದಲಾಗಲಿಲ್ಲ. ಆ ಹುಡುಗಿ ಇವತ್ತಿಗೂ ಅಲ್ಲಿ ಪೇಡೆ ಕೊಳ್ಳುವುದಿಲ್ಲ, ಯಾಕೆ ಅಂತ ಅವರಿಗೇ ಹೇಳಿ ಬಂದಿದ್ದಾಳೆ. ಜೊತೆಗೆ ಬಂದ ಹುಡುಗ ಕಾಲು ಕಿಲೋ ತೆಗೆದುಕೊಂಡ. ನನಗೆ ಎರಡೂ ಸರಿಯೇ. ನಾಳೆ ಅದೇ ಮಾಲೀಕರು ಯಾರನ್ನಾದರೂ ಕೌಂಟರಿನಿಂದ ವಾಪಸ್ ಕಳಿಸಿದರೆ ಕರಪತ್ರ ನಾನೇ ಹೊಡೆದುಕೊಡುತ್ತೇನೆ, ಕೆಳಗೆ ನನ್ನ ಪ್ರೆಸ್ಸಿನ ಹೆಸರೂ ಇರುತ್ತದೆ.

ಇನ್ನು ನಿಮ್ಮ ಪ್ರಶ್ನೆ ಕೇಳಿ.

ಮೊದಲು ಎದ್ದವನು ಹಿಂದಿನ ಸಾಲಿನ ಒಬ್ಬ ಯುವಕ. “ಸರ್, ನೀವು ಭಾಳ ಸಮಾಧಾನದಿಂದ ಮಾತಾಡಿದ್ರಿ. ಆ ಸ್ಟೇಟಸ್ ನಿಮ್ಮ ಬಗ್ಗೆ ಇರಲಿಲ್ಲ. ನನ್ನ ಬಗ್ಗೆ ಇತ್ತು.”

ಸಭೆ ಸುಮ್ಮನಾಯಿತು. ಅವನ ಮಾತು ನಿಜ. ನಾನು ಹೇಳಿದ್ದು ಇಷ್ಟು: ಆ ಅಂಗಡಿಗೆ ಹೋಗಿ ಮಾಲೀಕರಿಗೆ ತಿಳಿಹೇಳುವ ಕೆಲಸ ನಿಮ್ಮದಲ್ಲ, ತಮ್ಮಾ. ಬೈಸಿಕೊಂಡವರೇ ಹೋಗಿ ಬೈದವರಿಗೆ ಪಾಠ ಮಾಡಬೇಕು ಅನ್ನುವುದು ಅನ್ಯಾಯ. ಅದು ನನ್ನಂಥವರ ಕೆಲಸ. ವ್ಯಾಪಾರಸ್ಥನ ಮಾತು ವ್ಯಾಪಾರಸ್ಥ ಕೇಳುತ್ತಾನೆ. ನಿಮಗೆ ಸಿಟ್ಟು ಬಂದರೆ ಅದನ್ನು ಇಟ್ಟುಕೊಳ್ಳಿ, ಸಮಾಧಾನ ಮಾಡಿಕೊಳ್ಳಿ ಅಂತ ನಾನು ಹೇಳುವುದಿಲ್ಲ.

ಸಪ್ತಾಪುರದಲ್ಲಿ ರೂಮು ಮಾಡಿ ಪರೀಕ್ಷೆಗೆ ಓದುತ್ತಿರುವ ಒಬ್ಬರು ಬಾಡಿಗೆ ಮನೆಯ ವಿಷಯ ಎತ್ತಿದರು. ಧಾರವಾಡದಲ್ಲಿ ಇಬ್ಬರು ಗಂಡು ಹುಡುಗರಿಗೆ ರೂಮು ಸಲೀಸಾಗಿ ಸಿಗುತ್ತದೆ, ಅವರು ಏನು ಅನ್ನುವುದು ಮನೆ ಮಾಲೀಕರಿಗೆ ಗೊತ್ತಾಗುವ ತನಕ. ಗೊತ್ತಾದ ರಾತ್ರಿಯೇ ಸಾಮಾನು ಹೊರಗೆ. ನಮ್ಮ ಜಿಲ್ಲೆಗಳಲ್ಲಿ ಈ ವಿರೋಧ ನಿಜವಾಗಿ ಕಚ್ಚುವುದು ಪೇಡೆ ಅಂಗಡಿಯಲ್ಲಿ ಅಲ್ಲ, ಇಲ್ಲಿ. ಬಾಡಿಗೆ ಕರಾರು ಬರೆಸಿಕೊಳ್ಳಿ, ಅಡ್ವಾನ್ಸ್ ಕೊಟ್ಟದ್ದಕ್ಕೆ ರಸೀದಿ ಇಟ್ಟುಕೊಳ್ಳಿ, ನೋಟಿಸ್ ಕೊಡದೆ ಹೊರಗೆ ಹಾಕುವಂತಿಲ್ಲ ಅನ್ನುವುದಷ್ಟನ್ನೇ ನಾನು ಹೇಳಲು ಆದದ್ದು. ಸಭೆಯಲ್ಲಿದ್ದ ಒಬ್ಬ ವಕೀಲರು ಆಮೇಲೆ ಅವರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಮಾತಾಡಿದರು.

ಕೊನೆಗೆ ಗದಗ ಕಡೆಯ ಒಬ್ಬ ಹಿರಿಯರು. ಕಲ್ಯಾಣ ಮಂಟಪ ಇದೆಯಂತೆ. “ನನಗ ಈ ಮದುವಿ ಒಪ್ಪಿಗಿ ಇಲ್ಲ, ಖರೇನ ಹೇಳ್ತೀನಿ. ನಾಳೆ ಅಂಥವರು ಬಂದು ಹಾಲ್ ಕೊಡ್ರಿ ಅಂದ್ರ ನಾ ಏನ್ ಮಾಡ್ಲಿ?”

ಹಾಲ್ ಕೊಡಿ ಅಂದೆ. ತಾರೀಖು ಖಾಲಿ ಇದ್ದರೆ ಕೊಡಬೇಕು. ಅಕ್ಷತೆ ಹಾಕುವುದು ಬಿಡುವುದು ನಿಮ್ಮಿಷ್ಟ.

“ಅಡಗಿ ಕಾಂಟ್ರಾಕ್ಟರ್ ಬರಂಗಿಲ್ಲ ಅಂದ್ರ?”

ಮದುವೆ ಸೀಜನ್‌ನಲ್ಲಿ ಕಾಂಟ್ರಾಕ್ಟರ್ ಕೈಕೊಟ್ಟರೆ ಏನು ಮಾಡುತ್ತೀರಿ? ಇನ್ನೊಬ್ಬರನ್ನು ಹುಡುಕುತ್ತೀರಿ. ಹಾಗೇ ಮಾಡಿ.

ಅವರು ಸ್ವಲ್ಪ ಯೋಚಿಸಿ, “ಆತು. ಆದ್ರ ಅಡ್ವಾನ್ಸ್ ಪೂರ್ತಿ ಮೊದಲ ತಗೋತೀನ್ರಿ” ಅಂದರು.

“ಎಲ್ಲಾರ ಕಡೆ ಹಂಗ ತಗೋತೀರಿಲ್ಲೋ?”

“ಇಲ್ರಿ, ಉಳಿದವರ ಕಡೆ ಅರ್ಧ.”

“ಹಂಗಾದ್ರ ಇವರ ಕಡಿಂದನೂ ಅರ್ಧನ ತಗೋರಿ” ಅಂದೆ.